ಸಾಲು ಹಿಡಿದು ನಡೆದ ರೋಗ

ಹೋದ ವಾರ ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಬೀಜೋತ್ಪಾದಕ ರೈತರಿಗೆ ತರಬೇತಿ ಇತ್ತು. ನಾನೂ ಹೋಗಿದ್ದೆ. ವೇದಿಕೆಯ ಮೇಲೆ ನಮ್ಮ ಹಳೆಯ ದೊಡ್ಡ ಸಾಹೇಬರು ಕುಳಿತಿದ್ದರು. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರ. ಕಂಪನಿಯಿಂದ ನಿವೃತ್ತರಾಗಿ ಈಗ ಸಲಹೆಗಾರರಾಗಿದ್ದಾರಂತೆ. ಅವರ ಬೆನ್ನ ಹಿಂದಿನ ಪರದೆಯಲ್ಲಿ ಒಂದು ಚಿತ್ರ ಮೂಡಿತು. ಬೋಗುಣಿಯಲ್ಲಿ ಹಾಲು, ಹಾಲಿನಲ್ಲಿ ಅದ್ದಿದ ಎರಡು ಕೈ. "ಮೆಣಸಿನ ಗಿಡಕ್ಕೆ ಬರುವ ಮಚ್ಚೆ ರೋಗದ ವೈರಸ್ ಕೈಯಿಂದ ಕೈಗೆ, ಗಿಡದಿಂದ ಗಿಡಕ್ಕೆ ದಾಟುತ್ತದೆ. ಸೋಪಿನಿಂದ ಕೈ ತೊಳೆದು ಹಾಲಿನಲ್ಲಿ ಅದ್ದಬೇಕು. ಇದನ್ನು ನಾವು ಈ ಭಾಗದ ಹೊಲಗಳಲ್ಲಿಯೇ ಮೊದಲು ಆಚರಣೆಗೆ ತಂದೆವು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಮೈಯೆಲ್ಲ ಉರಿದುಹೋಯಿತು.

ನಾವು ಎಂದರೆ ಯಾರು? ಆಚರಣೆಗೆ ತಂದವಳು ಒಬ್ಬ ಹೆಂಗಸು. ಹಲಗೇರಿಯವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಈ ಸಾಹೇಬರು ಅವಳನ್ನು ಹೊಲದಿಂದ ಹೊರಗೆ ಹಾಕಿದರು, ಹಾಕಲು ಬೇಕಾದ ಕಾಗದವನ್ನು ನಾನು ಬರೆದುಕೊಟ್ಟೆ. ಅವಳು ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ, ಕಾರಣ ಆಮೇಲೆ ಹೇಳುತ್ತೇನೆ. ಊರೆಲ್ಲ ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು, ನಾನೂ ಹಾಗೆಯೇ ಕರೆಯುತ್ತಿದ್ದೆ.

ನಾನು ಬ್ಯಾಡಗಿಯವನು. ಕೃಷಿ ಡಿಪ್ಲೋಮಾ ಮುಗಿಸಿ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕ್ಷೇತ್ರ ಮೇಲ್ವಿಚಾರಕನಾಗಿ ಸೇರಿದೆ. ಕಂಪನಿ ರೈತರಿಗೆ ಬೀಜ ಕೊಡುತ್ತಿತ್ತು, ರೈತರು ಹೊಲದಲ್ಲಿ ಬಿಳಿ ಪರದೆಯ ಮನೆ ಕಟ್ಟಿ ಅದರೊಳಗೆ ಮೆಣಸಿನ ಗಿಡ ಬೆಳೆಸಿ ಹೈಬ್ರಿಡ್ ಬೀಜ ತೆಗೆದುಕೊಡುತ್ತಿದ್ದರು. ಒಳಗೆ ಹೆಣ್ಣು ಸಾಲುಗಳು ಬೇರೆ, ಗಂಡು ಸಾಲುಗಳು ಬೇರೆ. ಇಳಿಹೊತ್ತಿನಲ್ಲಿ ಹೆಂಗಸರು ಹೆಣ್ಣು ಗಿಡದ ಮೊಗ್ಗುಗಳನ್ನು ಚಿಮಟದಿಂದ ಬಿಡಿಸಿ ಒಳಗಿನ ಕೇಸರ ತೆಗೆಯಬೇಕು. ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಹೂವಿನ ಪರಾಗವನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಅದೇ ಮೊಗ್ಗಿಗೆ ಹಚ್ಚಬೇಕು. ಈ ಕೆಲಸಕ್ಕೆ ಇಲ್ಲಿ ಎಲ್ಲರೂ ಕ್ರಾಸಿಂಗ್ ಎನ್ನುತ್ತಾರೆ. ದೇಶದ ಯಾವ ಮೂಲೆಯಲ್ಲೋ ಯಾರೋ ಬಿತ್ತುವ ಬೀಜ ನಮ್ಮ ಹಲಗೇರಿಯ ಹೆಂಗಸರ ಬೆರಳಿನಿಂದ ಹುಟ್ಟಿ ಹೋಗಿರುತ್ತದೆ. ಪಾಕೀಟಿನ ಮೇಲೆ ಮಾತ್ರ ಕಂಪನಿಯ ಹೆಸರು.

ಆ ಹೆಂಗಸರ ಗುಂಪಿಗೆ ಚಿಗವ್ವ ಮುಖಂಡಳು. ಕುಳ್ಳಗಿನ ಹೆಣ್ಣು. ಸೀರೆಯ ಮೇಲೆ ತುಂಬುದೋಳಿನ ಗಂಡಸರ ಅಂಗಿ, ದಾರ ಕಟ್ಟಿ ಕಿವಿಗೆ ಬಿಗಿದ ಕನ್ನಡಕ. ಉಗುರನ್ನು ಮಾಂಸ ಕಾಣುವಷ್ಟು ಕತ್ತರಿಸಿಕೊಳ್ಳುತ್ತಿದ್ದಳು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದರೆ ಪರದೆಯ ಬಾಗಿಲಲ್ಲೇ ತಡೆಯುತ್ತಿದ್ದಳು. "ಬೀಗರ ಮನಿಗೆ ಬಂದೀಯೇನವಾ? ಇಲ್ಲಿ ಮದಿವಿ ಗಿಡದ್ದು, ನಿಂದಲ್ಲ. ಉಗುರು ತಕ್ಕೊಂಡು ಬಾ" ಎನ್ನುವಳು. ಹುಡುಗಿಯರು ನಕ್ಕು, ಬೈದುಕೊಂಡು, ಕತ್ತರಿಸಿಕೊಂಡು ಬರುತ್ತಿದ್ದರು.

ಮೊದಲ ವಾರದಲ್ಲೇ ನನಗೂ ಮಂಗಳಾರತಿ ಆಯಿತು. ನಾನು ಗಿಡ ನೋಡುವಾಗ ಕೆಳಗಿನ ದೊಡ್ಡ ಎಲೆಗಳನ್ನು ತಿರುಗಿಸಿ ನೋಡುತ್ತಿದ್ದೆ. ಕಾಲೇಜಿನ ಪುಸ್ತಕದ ಚಿತ್ರಗಳಲ್ಲಿ ಅಂಥ ಎಲೆಗಳೇ ಇದ್ದವು. ಅವಳು ಹಿಂದೆ ನಿಂತು ನೋಡಿ ನೋಡಿ ತಡೆಯಲಾರದೆ ಕೇಳಿದಳು.

"ಸರ, ಅದರಾಗ ಏನ ಹುಡುಕಾಕತ್ತೀರಿ?"

"ರೋಗ."

"ರೋಗ ಮುದುಕರ ಮೈಯಾಗ ಹುಡುಕಬ್ಯಾಡ್ರಿ. ಕುಡಿ ನೋಡ್ರಿ, ಕುಡಿ. ಗಿಡದ ಮನಸಿನಾಗ ಏನೈತಿ ಅನ್ನೂದು ಕುಡಿಯಾಗ ಗೊತ್ತಾಕ್ಕೈತಿ."

ಅಂದಿನಿಂದ ನಾನು ಕುಡಿ ನೋಡಲು ಕಲಿತೆ. ವೈರಸ್ ತಗುಲಿದ ಗಿಡದಲ್ಲಿ ಹಳೆಯ ಎಲೆ ಹಸಿರಾಗಿಯೇ ಇರುತ್ತದೆ, ಮೋಸ ಮಾಡುತ್ತದೆ. ಹೊಸದಾಗಿ ಬರುವ ಎಲೆಯಲ್ಲಿ ತಿಳಿಹಸಿರು, ಕಡುಹಸಿರು ಮಚ್ಚೆ ಕಾಣುತ್ತವೆ. ಎಲೆ ಅಗಲವಾಗದೆ ಕಿರಿದಾಗುತ್ತದೆ. ಗೆಣ್ಣಿಗೂ ಗೆಣ್ಣಿಗೂ ನಡುವೆ ನಾಲ್ಕು ಬೆರಳು ಅಂತರ ಇರಬೇಕಾದಲ್ಲಿ ಒಂದೇ ಬೆರಳು ಉಳಿಯುತ್ತದೆ. ಹೂ ಬಿಡುತ್ತದೆ, ನಿಲ್ಲುವುದಿಲ್ಲ. ನಿಂತ ಕಾಯಿ ಗಿಡ್ಡ, ಒಳಗೆ ಬೀಜ ಕಡಿಮೆ. ಎಳೆಯದರಲ್ಲಿ ತಗುಲಿದರೆ ಗಿಡ ಮೊಣಕಾಲು ದಾಟುವುದಿಲ್ಲ, ಬಲಿತ ಮೇಲೆ ತಗುಲಿದರೆ ಅಷ್ಟಿಷ್ಟು ತಡೆದುಕೊಳ್ಳುತ್ತದೆ. ಇದನ್ನೆಲ್ಲ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ವೈರಸ್ ಗಿಡದ ಜೀವಕೋಶದೊಳಗೆ ಹೊಕ್ಕು, ಬೆಳವಣಿಗೆಗೆಂದು ಗಿಡ ಕೂಡಿಟ್ಟ ಸಾಮಗ್ರಿಯಿಂದಲೇ ತನ್ನ ಸಂತಾನ ಮಾಡಿಕೊಳ್ಳುತ್ತದೆ ಎಂದು ಎರಡು ಪುಟ ಬರೆದು ಅಂಕ ಗಿಟ್ಟಿಸಿದ್ದೆ. ಚಿಗವ್ವ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ಒಂದು ಗಿಡ್ಡ ಗಿಡವನ್ನು ತೋರಿಸಿ, "ಇದಕ್ಕ ಜಡ್ಡು ಬಂದೈತಿ ಅನ್ನಬ್ಯಾಡ್ರಿ. ಇದಕ್ಕ ಬೆಳೆಯೂದ ಮರತು ಹೋಗೈತಿ" ಎಂದಳು. ನನ್ನ ಎರಡು ಪುಟಕ್ಕಿಂತ ಅದು ಚೆನ್ನಾಗಿತ್ತು ಎಂದು ಆಗಲೇ ಅನ್ನಿಸಿತ್ತು.

ತಂಬಾಕಿನ ವಿಷಯ ಹೇಳಲೇಬೇಕು, ಎಲ್ಲ ತಿರುಗಿದ್ದು ಅದರ ಮೇಲೆ. ನಮ್ಮ ಕಡೆ ಕೂಲಿಯ ಹೆಂಗಸರು ಸೊಂಟಕ್ಕೆ ಚಂಚಿ ಸಿಗಿಸಿಕೊಂಡೇ ಹೊಲಕ್ಕೆ ಬರುವುದು. ಎಲೆ, ಅಡಿಕೆ, ಸುಣ್ಣ, ತಂಬಾಕು. ಅಂಗೈಯಲ್ಲಿ ತಂಬಾಕು ತಿಕ್ಕಿ ಒಬ್ಬರಿಗೊಬ್ಬರು ಕೊಡುವುದು ಒಂದು ಪ್ರೀತಿ. ಚಿಗವ್ವನೂ ಹಾಗೆಯೇ ಇದ್ದಳು. ಒಂದು ಮಧ್ಯಾಹ್ನ ಕೃಷಿ ವಿಜ್ಞಾನಿಯೊಬ್ಬರು, ವಯಸ್ಸಾದ ಹೆಂಗಸು, ಬಂದು ಬೇವಿನ ಗಿಡದ ಕೆಳಗೆ ಮೂವತ್ತು ಜನರನ್ನು ಕೂಡಿಸಿ ಹೇಳಿದರು. ತಂಬಾಕಿನ ಒಣಗಿದ ಎಲೆಯಲ್ಲೂ ಆ ವೈರಸ್ ಬದುಕಿರಬಹುದು, ತಿಕ್ಕಿದ ಕೈಯಿಂದ ಮೆಣಸಿನ ಗಿಡಕ್ಕೆ ಹೋಗುತ್ತದೆ, ಹಾಲಿನಲ್ಲಿರುವ ಸತ್ವ ಅದನ್ನು ಕಟ್ಟಿಹಾಕುತ್ತದೆ ಎಂದರು. ಇಪ್ಪತ್ತೊಂಬತ್ತು ಜನ ತಲೆಯಾಡಿಸಿ, ವಿಜ್ಞಾನಿಯ ಜೀಪು ತಿರುಗುವುದರೊಳಗೆ ಚಂಚಿ ಬಿಚ್ಚಿದರು. ಚಿಗವ್ವ ಬಿಚ್ಚಲಿಲ್ಲ. ಮುಂದಿನ ಭಾನುವಾರ ದೇವರಗುಡ್ಡಕ್ಕೆ ಹೋಗಿ ಮೈಲಾರಲಿಂಗನ ಭಂಡಾರದ ಅರಿಸಿನ ಮುಟ್ಟಿ ಆಣೆ ಮಾಡಿ ತಂಬಾಕು ಬಿಟ್ಟುಬಂದಳು. ಹಣೆಯ ತುಂಬ ಅರಿಸಿನ ಹಚ್ಚಿಕೊಂಡು ಸೋಮವಾರ ಹೊಲಕ್ಕೆ ಬಂದಾಗ ಮಾಬೂಬಿ ಛೇಡಿಸಿದಳು. ಮಾಬೂಬಿ ಅವಳ ನೆರೆಮನೆಯವಳು, ಜೋಡಿ ಸಾಲಿನ ಜೊತೆಗಾರ್ತಿ.

"ಗಂಡ ಬೈದರೂ ಬಿಡಲಿಲ್ಲ, ಹಲ್ಲು ಹ್ವಾದರೂ ಬಿಡಲಿಲ್ಲ. ಮೆಣಸಿನ ಗಿಡದ ಸಲುವಾಗಿ ಬಿಟ್ಟಿ. ಯಾ ಅಲ್ಲಾ, ನಿನ್ನ ಗಂಡನಕ್ಕಿಂತ ಗಿಡಾನ ಶ್ಯಾಣ್ಯಾ ಅಂದಂಗಾತು."

"ಗಂಡ ಹೇಳಿದ್ದು ನನ್ನ ಮೈಗೆ. ಆ ಜೀಪಿನಾಕಿ ಹೇಳಿದ್ದು ನನ್ನ ಕೆಲಸಕ್ಕ" ಎಂದು ಚಿಗವ್ವ ಉತ್ತರ ಕೊಟ್ಟಳು.

ಆಮೇಲೆ ಹಾಲು. ಮಾಬೂಬಿಯ ಮನೆಯಲ್ಲಿ ಎಮ್ಮೆ ಇತ್ತು. ಬೆಣ್ಣೆ ತೆಗೆದ ತೆಳು ಹಾಲನ್ನು ಒಂದು ಸ್ಟೀಲ್ ಬೋಗುಣಿಯಲ್ಲಿ ತರಿಸಿ ಪರದೆಯ ಬಾಗಿಲಲ್ಲಿಟ್ಟು ಚಿಗವ್ವ ಕಾವಲು ನಿಲ್ಲುತ್ತಿದ್ದಳು. ಮೊದಲು ಸೋಪು, ಆಮೇಲೆ ಹಾಲು. ಚಿಮಟವನ್ನೂ ಅದ್ದಬೇಕು. ಹೆಂಗಸರು ಗೊಣಗಿದರು. ಮನೆಯಲ್ಲಿ ಚಹಾಕ್ಕೆ ಹಾಲಿಲ್ಲ, ಇಲ್ಲಿ ಗಿಡಕ್ಕೆ ಕುಡಿಸುತ್ತಾಳೆ ಎಂದು ಆಡಿಕೊಂಡರು. "ಗಿಡಕ್ಕಲ್ಲ, ನಿಮ್ಮ ಕೈಗೆ ಕುಡಸಾಕತ್ತೇನಿ. ಅದ್ರಿ" ಎನ್ನುವಳು. ಎರಡು ಹಂಗಾಮಿನಲ್ಲಿ ಅವಳ ಗುಂಪು ಮುಟ್ಟಿದ ಪ್ಲಾಟುಗಳು ತೊಳೆದಿಟ್ಟಂತೆ ಸ್ವಚ್ಛವಾಗಿ ನಿಂತವು. ಸುತ್ತಲಿನವು ಮಚ್ಚೆ ಹಿಡಿದು ಕುಗ್ಗಿದವು. ಊರಲ್ಲಿ ಅವಳ ಕೈಗುಣದ ಮಾತು ಹುಟ್ಟಿತು. ಸಸಿ ಹಾಕುವವರು ಮೊದಲ ಬೀಜ ಊರಲು ಅವಳನ್ನು ಕರೆದೊಯ್ಯುವರು, ಮದುವೆಯ ಹಂದರದ ಮೊದಲ ಕಂಬಕ್ಕೂ ಅವಳೇ ಕುಂಕುಮ ಹಚ್ಚಬೇಕು. ಅವಳಿಗೆ ನಗು. "ಗುಣ ಕೈದಲ್ಲ, ಸೋಪಿಂದು" ಎನ್ನುತ್ತಿದ್ದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಇನ್ನು ಅವಳನ್ನು ಹೊರಗೆ ಹಾಕಿದ ವರ್ಷದ ಮಾತು.

ಹಲಗೇರಿಯ ಹೊರಗಿನ ದೊಡ್ಡ ಪ್ಲಾಟಿನಲ್ಲಿ ಸಸಿ ನಾಟಿ ಮಾಡಿ ಮೂರನೆಯ ವಾರ. ಕ್ರಾಸಿಂಗ್ ಇನ್ನೂ ಶುರುವಾಗಿರಲಿಲ್ಲ, ಹೂವೇ ಇರಲಿಲ್ಲ. ಚಿಗವ್ವ ನನ್ನನ್ನು ಕರೆದೊಯ್ದು ಗಂಡು ಸಾಲಿನ ನಾಲ್ಕು ಗಿಡ ತೋರಿಸಿದಳು. ಕುಡಿಯಲ್ಲಿ ಮಚ್ಚೆ. ಹೆಣ್ಣು ಸಾಲುಗಳಲ್ಲಿ ಒಂದೂ ಇರಲಿಲ್ಲ.

"ಸರ, ಇದು ಬೀಜದಾಗ ಬಂದೈತಿ. ನಾವಿನ್ನೂ ಕೈ ಹಚ್ಚಿಲ್ಲ. ಗಂಡಿನ ಬೀಜ ತೊಳಿಲಾರದ ಕೊಟ್ಟಾರ ನಿಮ್ಮವರು. ಈ ನಾಕು ಕಿತ್ತು ಸುಡ್ರಿ, ಆಜೂಬಾಜೂದ್ದೂ ಕೀಳ್ರಿ. ಇವತ್ತ."

ಗಂಡು ಬೀಜವನ್ನು ಔಷಧದ ನೀರಿನಲ್ಲಿ ತೊಳೆದು ಕೊಡಬೇಕೆಂಬುದು ಕಂಪನಿಯದೇ ನಿಯಮ. ಆ ಸಲ ಅವಸರದಲ್ಲಿ ತೊಳೆಯದೆ ಕಳಿಸಿದ್ದರೆಂದು ಗೋದಾಮಿನವರು ನನಗೆ ಆಮೇಲೆ ಪಿಸುಗುಟ್ಟಿದರು. ನಾನು ದೊಡ್ಡ ಸಾಹೇಬರಿಗೆ ಫೋನು ಮಾಡಿದೆ. ಅವರು ಸಿಡಿದರು.

"ಗಂಡು ಸಾಲು ಕಿತ್ತರ ಪರಾಗ ಎಲ್ಲಿಂದ ತರತಿ, ನಿಮ್ಮಪ್ಪನ ಮನಿಯಿಂದೇನು? ಅದು ಮುಟುರು ರೋಗ. ಹುಳದ ಔಷಧ ಹೊಡಸು."

ಮುಟುರು ರೋಗ ಬೇರೆ. ಅದರಲ್ಲಿ ಎಲೆ ದೋಣಿಯಂತೆ ಮಡಚಿಕೊಳ್ಳುತ್ತದೆ, ಅದು ನುಸಿ, ಹುಳ, ಬಿಳಿನೊಣದ ಕೃಪೆ. ಇದು ಹಾಗಿರಲಿಲ್ಲ. ನನಗೂ ಗೊತ್ತಿತ್ತು. ಗೊತ್ತಿದ್ದೂ ಎರಡು ಸಲ ಔಷಧ ಹೊಡೆಸಿದೆ. ಚಿಗವ್ವ ಮೂಗಿಗೆ ಸೆರಗು ಹಿಡಿದು ಬದುವಿನ ಮೇಲೆ ಕುಳಿತು ನೋಡಿದಳು. "ಹುಳ ಸಾಯ್ತಾವ. ಜಡ್ಡು ನಗತೈತಿ" ಎಂದು ಅಷ್ಟೇ ಹೇಳಿದಳು.

ಹೂ ಬಂತು, ಕ್ರಾಸಿಂಗ್ ಶುರುವಾಯಿತು. ಗಂಡು ಸಾಲಿನಲ್ಲಿ ರೋಗ ಇದೆ ಎಂದು ಗೊತ್ತಿದ್ದುದರಿಂದ ಅವಳು ಹೊಸ ಪಟ್ಟು ಹಿಡಿದಳು. ಬಾಗಿಲಲ್ಲಿ ಒಮ್ಮೆ ಅದ್ದಿದರೆ ಸಾಲದು, ಒಂದೊಂದು ಸಾಲು ಮುಗಿದಾಗಲೂ ಕೈ ತೊಳೆದು ಹಾಲಿನಲ್ಲಿ ಅದ್ದಬೇಕು. ಬೆಳಗಿನ ಹೊತ್ತು ಚಿಕ್ಕದು, ಬಿಸಿಲೇರಿದರೆ ಪರಾಗ ಹಿಡಿಯುವುದಿಲ್ಲ. ಸಾಹೇಬರಿಂದ ಫೋನು ಬಂತು. ದಿನಕ್ಕೆ ಇಷ್ಟು ಹೂ ಆಗಲೇಬೇಕು, ಹಾಲಿನ ನಾಟಕ ನಿಲ್ಲಿಸು ಎಂದರು. ನಿಲ್ಲಿಸಲು ಹೇಳಿದವನು ನಾನು. ನನ್ನ ಬಾಯಿಂದಲೇ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿ, "ನೀವೂ ಕುಡಿ ನೋಡಾಕ ಕಲಿತವರ ಅಲ್ಲೇನ್ರಿ?" ಎಂದಳು. ಬೋಗುಣಿ ಎತ್ತಿ ಹಾಲನ್ನು ಮಾಬೂಬಿಯ ಡಬ್ಬಿಗೆ ಸುರಿದಳು. ಮಾರನೆಯ ದಿನದಿಂದ ತನ್ನ ಸಾಲಿಗೆ ಮಾತ್ರ ಚಿಕ್ಕ ಬಟ್ಟಲೊಂದನ್ನು ಸೊಂಟದ ಬಳಿ ಇಟ್ಟುಕೊಂಡು ಬರುತ್ತಿದ್ದಳು. ಉಳಿದವರು ನನ್ನ ಮಾತು ಕೇಳಿದರು.

ಮೂರು ವಾರದಲ್ಲಿ ಪ್ಲಾಟು ಕೆಟ್ಟಿತು. ಗಿಡಗಳು ನಿಂತಲ್ಲೇ ನಿಂತವು. ಹೊಸ ಎಲೆ ನೂಲಿನಷ್ಟು ಸಣ್ಣ. ಕಟ್ಟಿದ ಕಾಯಿಗಳು ಉದುರಿ ಸಾಲಿನ ನಡುವೆ ಬಿದ್ದಿದ್ದವು. ಸಾಹೇಬರು ಕಾರಿನಲ್ಲಿ ಬಂದರು. ಇಳಿಯುವಾಗಲೇ ಅವರ ಅಂಗೈಯಲ್ಲಿ ತಂಬಾಕು ಇತ್ತು. ಹೆಬ್ಬೆರಳಿನಿಂದ ತಿಕ್ಕಿ, ತಟ್ಟಿ, ತುಟಿಯ ಒಳಗಿಟ್ಟುಕೊಂಡರು. ಬಾಗಿಲಲ್ಲಿ ಚಿಗವ್ವ ತನ್ನ ಬಟ್ಟಲು ಹಿಡಿದು ನಿಂತಿದ್ದಳು.

"ಕೈ ತೊಳಕೊಂಡು ಇದರಾಗ ಅದ್ರಿ ಸಾಹೇಬ್ರ. ತಂಬಾಕದ ಕೈ ಐತಿ."

ಹತ್ತು ಜನ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಸಾಹೇಬರ ಮುಖ ಕೆಂಪಗಾಯಿತು. "ನನಗ ಕಲಿಸ್ತಿಯೇನ?" ಎಂದು ಅವಳನ್ನು ಸರಿಸಿ ಒಳಗೆ ಹೋದರು. ಸಾಲಿನುದ್ದಕ್ಕೂ ಕುಡಿ ಚಿವುಟಿ ಚಿವುಟಿ ನೋಡಿದರು. ಚಿವುಟಿದ ಬೆರಳಿನಿಂದಲೇ ಮುಂದಿನ ಗಿಡ, ಅದರ ಮುಂದಿನ ಗಿಡ. ಅವಳು ಹಿಂದೆಯೇ ನಡೆಯುತ್ತ ಅವರು ಮುಟ್ಟಿದ ಗಿಡಗಳಿಗೆಲ್ಲ ಗುರುತಿಗೆ ಕೆಂಪು ದಾರ ಕಟ್ಟಿದಳು. ನನಗೆ ನಗು ಬಂತು, ನಗಲಿಲ್ಲ, ನೌಕರಿ ಇತ್ತಲ್ಲ.

ಪ್ಲಾಟಿನ ನಡುವೆ ನಿಂತು ಸಾಹೇಬರು ಕೇಳಿದರು. "ಏನಾಗೇತಿ ಇದಕ್ಕ? ಔಷಧ ಬರೋಬ್ಬರಿ ಹೊಡದೀರೋ ಇಲ್ಲೋ?"

ಜೊತೆಗಿದ್ದ ಪ್ಲಾಟಿನ ಯಜಮಾನ ನನ್ನತ್ತ ನೋಡಿದ. ನಾನು ನೆಲ ನೋಡಿದೆ. ಚಿಗವ್ವ ಮಾತಾಡಿದಳು.

"ಔಷಧದಲೆ ಹೋಗೂದಲ್ಲರಿ ಇದು. ನೋಡ್ರಿ, ಕೆಟ್ಟ ಗಿಡ ಎಲ್ಲ ಸಾಲು ಹಿಡದು ಕೆಟ್ಟಾವ. ಹುಳ ತಂದಿದ್ದರ ಅಂಚಿನ ಗಿಡಾ ಮೊದಲ ಕೆಡತಿದ್ದವು. ಹುಳ ಸಾಲು ಹಿಡದು ನಡಿಯಂಗಿಲ್ಲ. ಸಾಲು ಹಿಡದು ನಡಿಯೋರು ನಾವು. ಇದು ನಮ್ಮ ಕೈಯಾಗ ಹೊಂಟೈತಿ. ಆದ್ರ ನಮ್ಮ ಕೈಯಾಗ ಹುಟ್ಟಿಲ್ಲರಿ. ಹುಟ್ಟಿದ್ದು ಗಂಡಿನ ಸಾಲಿನಾಗ, ಬೀಜದಾಗ."

ರೋಗಶಾಸ್ತ್ರದ ಯಾವ ಪ್ರೊಫೆಸರರೂ ಆ ಹೊಲದಲ್ಲಿ ನಿಂತು ಇದಕ್ಕಿಂತ ಚೊಕ್ಕಟವಾಗಿ ಹೇಳಲಾರರು. ತನ್ನ ಕೈಯ ಪಾಲನ್ನೂ ಮುಚ್ಚಿಡಲಿಲ್ಲ, ಬೇರೆಯವರ ಪಾಲನ್ನೂ ಬಿಡಲಿಲ್ಲ. ಸಾಹೇಬರು ಮೊದಲರ್ಧ ಮಾತ್ರ ಕೇಳಿಸಿಕೊಂಡರು. ನನ್ನತ್ತ ತಿರುಗಿ, "ಬರಕೋ. ಹೆಂಗಸರ ಕೈಯಿಂದ ಬಂದೈತಿ ಅಂತ ಆಕಿನ ಒಪ್ಪಿಕೊಂಡಳು" ಎಂದರು.

ರಾಣೆಬೆನ್ನೂರಿನ ಆಫೀಸಿನಲ್ಲಿ ಕುಳಿತು ವರದಿ ಬರೆದೆ. ಅವರು ಹೇಳಿದರು, ನಾನು ಬರೆದೆ. "ರೋಗದ ಮೂಲ: ತಂಬಾಕು ಸೇವನೆಯ ಅಭ್ಯಾಸವಿರುವ ಕೂಲಿ ಮಹಿಳೆಯರ ಅಶುದ್ಧ ಕೈಗಳು. ಗುಂಪಿನ ಮುಖ್ಯಸ್ಥೆ ತಪ್ಪೊಪ್ಪಿಕೊಂಡಿರುತ್ತಾಳೆ." ಅವಳ ಹೆಸರು, ಗಂಡನ ಹೆಸರು, ಊರು. ಕೆಳಗೆ ನನ್ನ ಸಹಿ. ಆ ತಿಂಗಳು ನನ್ನ ನೌಕರಿ ಕಾಯಂ ಆಗುವುದಿತ್ತು. ಬೇರೆ ಕಾರಣ ಹುಡುಕಿ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು ವರ್ಷಗಟ್ಟಲೆ ಒದ್ದಾಡಿದ್ದೇನೆ. ಬೇರೆ ಕಾರಣ ಇರಲಿಲ್ಲ. ಆಣೆ ಮಾಡಿ ತಂಬಾಕು ಬಿಟ್ಟವಳನ್ನೇ ತಂಬಾಕಿನವಳು ಎಂದು ಬರೆದ ಪೆನ್ನು ನನ್ನದು, ಅದೂ ಎದುರಿಗೆ ಕುಳಿತ ಮನುಷ್ಯ ಅಂಗೈ ತಿಕ್ಕುತ್ತಿರುವಾಗ.

ವರದಿಯ ಪ್ರತಿ ಸುತ್ತಲಿನ ಎಲ್ಲ ಪ್ಲಾಟುಗಳಿಗೆ ಹೋಯಿತು. ಆ ಹೆಂಗಸನ್ನು ಪರದೆಯೊಳಗೆ ಬಿಡಬಾರದು ಎಂಬ ಸೂಚನೆಯೂ ಜೊತೆಗಿತ್ತು. ಬೇರೆ ಕಂಪನಿಯವರೂ ಅದನ್ನೇ ಹಿಡಿದರು. ಮಾಬೂಬಿ ಆಫೀಸಿಗೆ ಬಂದು ನನ್ನ ಮೇಜಿನ ಮುಂದೆ ನಿಂತು ಕೂಗಾಡಿದಳು. "ಆಕಿ ತಂಬಾಕ ಬಿಟ್ಟು ಎಷ್ಟ ದಿನಾ ಆತು, ಕೇಳ್ರಿ ದೇವರಗುಡ್ಡದಾಗ! ಖರೇ ತಿನ್ನಾಕಿ ನಾನು, ನನ್ನ ಹೆಸರ ಬರೀರಿ!" ಎಂದಳು. ಕಾವಲುಗಾರ ಅವಳನ್ನು ಹೊರಗೆ ಕರೆದೊಯ್ದ. ಚಿಗವ್ವ ಮಾತ್ರ ಬರಲಿಲ್ಲ. ಊರ ಹಿರಿಯರು, ಇನ್ನೊಮ್ಮೆ ಭಂಡಾರ ಮುಟ್ಟಿ ಆಣೆ ಮಾಡಿಬಿಡು, ನಾವೇ ಕಂಪನಿಗೆ ಹೇಳುತ್ತೇವೆ ಎಂದರಂತೆ. "ಒಂದ ಸಲ ಮುಟ್ಟೇನಿ, ಗಿಡದ ಸಲುವಾಗಿ. ಇಂಥವರ ಸಲುವಾಗಿ ಎರಡನೇ ಸಲ ಮುಟ್ಟಂಗಿಲ್ಲ" ಎಂದಳಂತೆ.

ಕಾಗದದಲ್ಲಿದ್ದದ್ದು ವೈರಸ್ಸು. ಊರಿನ ಬಾಯಲ್ಲಿ ಅದು ಕೈಗುಣವಾಯಿತು. ಆಕೆಯ ಕೈಗುಣ ಕೆಟ್ಟಿದೆ, ಮುಟ್ಟಿದ ಗಿಡ ಬೆಳೆಯುವುದಿಲ್ಲ. ಮೊದಲ ಬೀಜ ಊರಲು ಕರೆಯುತ್ತಿದ್ದವರು ಸಸಿಯ ಮಡಿಯ ಹತ್ತಿರ ಅವಳು ಬಂದರೆ ಮಾತು ನಿಲ್ಲಿಸುತ್ತಿದ್ದರು. ಹಂದರದ ಕಂಬಕ್ಕೆ ಕುಂಕುಮ ಹಚ್ಚಲು ಬೇರೆಯವರನ್ನು ಕರೆದರು. ಯಾರೋ ಬಸುರಿಯ ಸೀಮಂತದಲ್ಲಿ ಉಡಿ ತುಂಬಲು ಚಿಗವ್ವ ಕೈ ಚಾಚಿದಾಗ ಬಸುರಿಯ ಅತ್ತೆ ತಟ್ಟೆಯನ್ನು ಸರಿಸಿದಳಂತೆ. ಎಲ್ಲಿಯ ಗಿಡದ ವೈರಸ್, ಎಲ್ಲಿಯ ಬಸುರಿ! ಮೂರ್ಖತನವೇ ಸರಿ, ಆದರೆ ಆ ಮೂರ್ಖತನಕ್ಕೆ ಓದಿದವನ ಸಹಿ ಇತ್ತು. ಡಿಪ್ಲೋಮಾದ ಸಾಹೇಬ ಬರೆದಿದ್ದಾನೆಂದ ಮೇಲೆ ಊರವರು ಇನ್ನೇನು ತಿಳಿಯಬೇಕು?

ಆಮೇಲೆ ಅವಳನ್ನು ನಾನು ಕಂಡದ್ದು ಒಂದೇ ಸಲ, ಬ್ಯಾಡಗಿಯಲ್ಲಿ. ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ ಒಣಮೆಣಸಿನಕಾಯಿಯ ರಾಶಿ, ಸುತ್ತ ಸಾಲಾಗಿ ಕುಳಿತು ತೊಟ್ಟು ಬಿಡಿಸುವ ಹೆಂಗಸರು. ಗಾಳಿಯಲ್ಲೇ ಖಾರ, ನನಗೆ ಕೆಮ್ಮು ತಡೆಯಲಿಲ್ಲ. ಕೆಮ್ಮು ಕೇಳಿ ಅವಳು ತಲೆ ಎತ್ತಿದಳು. ಅದೇ ಅಂಗಿ, ಅದೇ ದಾರದ ಕನ್ನಡಕ. ದಿನವೆಲ್ಲ ಸೂಜಿಮೊನೆಯಷ್ಟು ಮೊಗ್ಗು ಬಿಡಿಸಿಯೂ ಹೂವಿನ ಎಸಳು ಹರಿಯದ ಬೆರಳುಗಳು ತೊಟ್ಟು ಕೀಳುತ್ತಿದ್ದವು. ತುದಿ ಒಡೆದು ಕೆಂಪಗಾಗಿದ್ದವು. ನಾನು ತಪ್ಪಿಸಿಕೊಳ್ಳುವುದರೊಳಗೆ ಅವಳೇ ಕರೆದಳು.

"ಬರ್ರಿ ಸರ. ಈ ವರ್ಷ ಗಂಡಿನ ಬೀಜ ತೊಳದು ಕೊಟ್ಟಾರೇನ್ರಿ?"

ಬೈಯುತ್ತಾಳೆ ಎಂದುಕೊಂಡಿದ್ದೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೀಜದ ಮಾತು.

"ಗೊತ್ತಿಲ್ಲ ಚಿಗವ್ವಾ."

"ಗೊತ್ತಿಲ್ಲ ಅನ್ನಾಕ ಡಿಪ್ಲೋಮಾ ಬೇಕಾತೇನ್ರಿ? ಕೇಳ್ರಿ ಹೋಗಿ. ಮತ್ತ ಯಾವಾಕಿದರ ಹೆಸರ ಬರಿಯೂ ಪಾಳಿ ಬರಬಾರದು."

ಅಷ್ಟೇ. ತಲೆ ಬಗ್ಗಿಸಿ ಮತ್ತೆ ತೊಟ್ಟು ಬಿಡಿಸತೊಡಗಿದಳು. ನಾನು ಹೋಗಿ ಕೇಳಿದೆ. ತೊಳೆದಿರಲಿಲ್ಲ. ಆ ಸಲ ಜಗಳ ಮಾಡಿ ತೊಳೆಸಿದೆ. ನನ್ನ ಇಡೀ ನೌಕರಿಯಲ್ಲಿ ಹೇಳಿಕೊಳ್ಳುವಂಥ ಕೆಲಸ ಅದೊಂದೇ, ಅದೂ ಅವಳು ಹೇಳಿದ್ದು. ಮುಂದೆ ಕಂಪನಿ ಬಿಟ್ಟು ಹಲಗೇರಿ ರಸ್ತೆಯಲ್ಲಿ ಸಸಿಗಳ ನರ್ಸರಿ ಹಾಕಿದೆ. ಅವಳ ಊರು ನಾಲ್ಕು ಹೆಜ್ಜೆ. ಆದರೂ ಅವಳ ಮನೆಗೆ ಹೋಗಲಿಲ್ಲ. ಅವಳು ತೀರಿಕೊಂಡ ಸುದ್ದಿಯನ್ನು ಮಾಬೂಬಿ ಫೋನಿನಲ್ಲಿ ಹೇಳಿದಾಗಲೂ ಮಣ್ಣಿಗೆ ಹೋಗಲು ನನಗೆ ಮುಖ ಇರಲಿಲ್ಲ.

ಹೋದ ವಾರ ಕಲ್ಯಾಣ ಮಂಟಪದಿಂದ ಎದ್ದು ನೇರ ಹಲಗೇರಿಗೆ ಹೋದೆ. ಬಾಗಿಲಲ್ಲಿ ಚಿಗವ್ವನ ಮಗಳು. ಗಂಡನ ಮನೆಯೂ ಅದೇ ಊರು, ತಾಯಿಯ ಕೆಲಸವನ್ನೇ ಕಲಿತವಳು. ನಾನು ಯಾರೆಂದು ಅವಳಿಗೆ ಹೇಳಬೇಕಾಗಲಿಲ್ಲ. "ಕುಂದ್ರಿ" ಎಂದಳು, ನೀರು ಕೊಟ್ಟಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ತೊಳೆಯದ ಬೀಜ, ನಾಲ್ಕು ಗಿಡ, ಫೋನು, ನಿಲ್ಲಿಸಿದ ಹಾಲು, ವರದಿ, ಸಹಿ. ಅಂದು ಸಾಹೇಬರು ವೇದಿಕೆಯಲ್ಲಿ ಹೇಳಿದ್ದನ್ನೂ ಹೇಳಿದೆ. ಸಿಟ್ಟಿನಿಂದ ನನ್ನ ದನಿ ಏರಿತ್ತು. ಅವಳು ಏರಿಸಲಿಲ್ಲ.

"ನೀವು ಅಲ್ಲೇ ಎದ್ದು ನಿಂತು ಹೇಳಿದ್ರೇನ್ರಿ?"

"ಇಲ್ಲ."

"ಮತ್ತ ಇಲ್ಲಿ ನನ್ನ ಮುಂದ ಸಿಟ್ಟು ಮಾಡಿ ಏನ ಬಂತು? ನನಗ ಇದೆಲ್ಲಾ ಗೊತ್ತೈತಿ. ನಮ್ಮವ್ವ ಹೇಳ್ಯಾಳ. ಗೊತ್ತಿಲ್ಲಾರದವರು ಅಲ್ಲಿ ಕುಂತಿದ್ರು."

ನಾನು ನೀರಿನ ಲೋಟ ಕೆಳಗಿಟ್ಟೆ. ಅವಳು ಅದನ್ನು ಎತ್ತಿಕೊಳ್ಳುತ್ತ ಹೇಳಿದಳು. "ನನ್ನೂ ಪರದೆದಾಗ ಬಿಡಂಗಿಲ್ಲರಿ. ಕೈ ತೊಳದೀಯೇನು ಅಂತ ಯಾರೂ ಕೇಳಂಗಿಲ್ಲ. ಯಾರ ಮಗಳು ಅಂತ ಕೇಳ್ತಾರ. ನೀವು ಕೆಲಸ ಕೊಡಸ್ರಿ ಅಂತ ಅನ್ನಾಕತ್ತಿಲ್ಲ. ಆವಾಗ ಕಾಗದದಾಗ ಬರದ್ರಲ್ಲ, ಹಂಗ ಬರೀರಿ. ಬಾಯಿಲೆ ಅಂದದ್ದು ನಡಿಯಂಗಿಲ್ಲ."

"ಬರೀತೀನಿ. ಪೇಪರಿಗೆ ಕೊಡ್ತೀನಿ. ನಿಮ್ಮವ್ವನ ಹೆಸರು ಹಾಕಿ..."

"ಬ್ಯಾಡ್ರಿ" ಎಂದಳು ಅವಳು. "ನಮ್ಮವ್ವನ ಹೆಸರು ಒಂದ ಸಲ ಬರದೀರಿ, ಅಷ್ಟ ಸಾಕು. ಈ ಸಲ ನಿಮ್ಮದು ಬರೀರಿ."

ಬರೆಯುತ್ತಿದ್ದೇನೆ.

ಪ್ಲಾಟು: ಹಲಗೇರಿ. ಬೆಳೆ: ಮೆಣಸಿನಕಾಯಿ, ಬೀಜೋತ್ಪಾದನೆ. ರೋಗದ ಮೂಲ: ಕಂಪನಿ ತೊಳೆಯದೆ ಕೊಟ್ಟ ಗಂಡು ಸಾಲಿನ ಬೀಜ. ರೋಗ ಹರಡಲು ಕಾರಣ: ಕೈ ತೊಳೆಯುವುದನ್ನು ನಿಲ್ಲಿಸಲು ಮೇಲ್ವಿಚಾರಕ ಕೊಟ್ಟ ಆಜ್ಞೆ. ಗುಂಪಿನ ಮುಖ್ಯಸ್ಥೆ ರೋಗವನ್ನು ಎಲ್ಲರಿಗಿಂತ ಮೊದಲು ಗುರುತಿಸಿ ತಿಳಿಸಿರುತ್ತಾಳೆ. ತಪ್ಪೊಪ್ಪಿಕೊಂಡಿರುವವನು: ಶಿವಾನಂದ, ಕ್ಷೇತ್ರ ಮೇಲ್ವಿಚಾರಕ.